ಬೆಲ್ಲದ ಕಷಾಯದ ಪೂರ್ವೋತ್ತರ

ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ತಾಳ್ಯವೂ ಅದರ ಸುತ್ತಣ ಗ್ರಾಮಗಳೂ ಮಳೆ ಕಡಮೆಯಾದ ಚಿತ್ರದುರ್ಗದ ಸೀಮೆಯವು. ಬಿಸಿಲಿನಲ್ಲಿ ನಡೆದುಬಂದವರಿಗೆ ಬೆಲ್ಲದ ತುಣುಕನ್ನೂ ನೀರನ್ನೂ ಕೊಡುವುದು, ಚಳಿಗಾಲದಲ್ಲಿ ಕೊತ್ತಂಬರಿ ಶುಂಠಿಗಳ ಬಿಸಿ ಕಷಾಯಕ್ಕೆ ಬೆಲ್ಲವನ್ನೇ ಕೂಡಿಸುವುದು, ಇವು ಕನ್ನಡನಾಡಿನ ಬಯಲುಸೀಮೆಯಲ್ಲೆಲ್ಲ ಹಿರಿಯರ ಪದ್ಧತಿ. ಆದರೆ ಇಂದು ಅದೇ ಕಷಾಯವನ್ನು ಅತಿಥಿಗಳ ಮುಂದಿಡುವಾಗ ಮನೆಯಲ್ಲಿ ಸಕ್ಕರೆ ಮುಗಿದಿತ್ತೆಂದು ಕ್ಷಮೆ ಬೇಡುವ ಗೃಹಿಣಿಯರುಂಟು. ಈ ಸಂಕೋಚವು ಎಷ್ಟು ಹಳೆಯದೆಂಬುದು ವಿಚಾರಾರ್ಹವಾದ ಸಂಗತಿ.

ಸಕ್ಕರೆಯೆಂಬ ಶಬ್ದವು ಸಂಸ್ಕೃತದ ಶರ್ಕರಾ ಎಂಬುದರ ತದ್ಭವ. ಇದೇ ಶಬ್ದವು ಪಾರಸಿ, ಅರಬ್ಬಿಗಳ ಮೂಲಕ ಯೂರೋಪಿನ ಭಾಷೆಗಳನ್ನು ಸೇರಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಇಕ್ಷುರಸದ ಐದು ರೂಪಗಳು ಹೇಳಲ್ಪಟ್ಟಿವೆ. ಫಾಣಿತವೆಂಬುದು ನಮ್ಮ ಜೋನಿಬೆಲ್ಲಕ್ಕೂ ಗುಡವೆಂಬುದು ಗಟ್ಟಿಬೆಲ್ಲಕ್ಕೂ ಸಮೀಪವಾದವು. ಶರ್ಕರೆಯು ಪ್ರಾಚೀನರಿಗೆ ತಿಳಿದಿದ್ದರೂ ಅದು ಶ್ರಮಸಾಧ್ಯವೂ ದುಬಾರಿಯೂ ಆಗಿದ್ದುದರಿಂದ ಜನಸಾಮಾನ್ಯರ ನಿತ್ಯದ ಸಿಹಿ ಬೆಲ್ಲವೇ ಆಗಿದ್ದಿತು. ಯುಗಾದಿಯ ಬೇವುಬೆಲ್ಲ, ಸಂಕ್ರಾಂತಿಯ ಎಳ್ಳುಬೆಲ್ಲ, ಶ್ರೀರಾಮನವಮಿಯ ಪಾನಕ ಇವೇ ಇದಕ್ಕೆ ಸಾಕ್ಷಿ.

ಪಾನೀಯಗಳ ವಿಚಾರವನ್ನು ನಮ್ಮ ಪೂರ್ವಿಕರು ಶಾಸ್ತ್ರವಾಗಿಯೇ ಬೆಳೆಸಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಪಾನಕಗಳ ವಿಷಯವುಂಟು. ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ಕನ್ನಡದಲ್ಲಿ ಸೂಪಶಾಸ್ತ್ರವನ್ನೇ ರಚಿಸಿದನು. ವೈದ್ಯಗ್ರಂಥವಾದ ಶಾರ್ಙ್ಗಧರ ಸಂಹಿತೆಯು ಒಂದು ಪಾಲು ಔಷಧಿಗೆ 16 ಪಾಲು ನೀರೆರೆದು, ಎಂಟರಲ್ಲೊಂದು ಪಾಲು ಉಳಿಯುವಂತೆ ಕಾಯಿಸಿದುದನ್ನು ಕ್ವಾಥವೆಂದು ಹೇಳುವುದು. ಮನೆಯ ಕಷಾಯವು ಈ ಕ್ವಾಥದ ಸೌಮ್ಯವಾದ ರೂಪ.

ಕಾಫಿಯ ಬೀಜಗಳನ್ನು ಬಾಬಾಬುಡನ್ ಎಂಬ ಸಂತರು ಯೆಮೆನಿನಿಂದ ಚಂದ್ರದ್ರೋಣ ಪರ್ವತಕ್ಕೆ ತಂದರೆಂದು ಪ್ರತೀತಿ. ಕಾಫಿಯು ಹಳ್ಳಿಗಳನ್ನು ಪ್ರವೇಶಿಸಿದಾಗ ಅಲ್ಲಿಯೂ ಬೆಲ್ಲವೇ ಅದಕ್ಕೆ ಜೊತೆಯಾಯಿತು. ಬಿಳಿಯ ಸಕ್ಕರೆಯು ಆಗ ಬಹುಮಟ್ಟಿಗೆ ಜಾವಾದ್ವೀಪದಿಂದ ಬರುತ್ತಿದ್ದಿತು. 1932ರ ಶಾಸನದಿಂದ ದೇಶದ ಸಕ್ಕರೆಯ ಕೈಗಾರಿಕೆಗೆ ರಕ್ಷಣೆ ದೊರೆಯಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ಆ ಬಳಿಕವೇ ಸಕ್ಕರೆಯು ಮನೆಮನೆಗೂ ಸುಲಭವಾಗಿ, ಬಿಳುಪು ನಾಗರಿಕತೆಯ ಗುರುತೆನಿಸಿ, ಬೆಲ್ಲದ ಕಾಫಿಯು ಬಡವರದೆಂಬ ಭಾವನೆ ಬಲಿತುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ಹತೋಟಿ ಬಂದಾಗ, ಸಿರಿವಂತರೂ ಮತ್ತೆ ಬೆಲ್ಲವನ್ನು ನೆನೆಯಬೇಕಾಯಿತು. ಅಂದಮೇಲೆ ಈ ಸಂಕೋಚವು ನೂರು ವರ್ಷಗಳಷ್ಟೂ ಹಳೆಯದಾಗಿ ತೋರದು. ಇದರೊಡನೆ ಅಳಿಯುತ್ತಿರುವ ಪಾಕದ ತಿಳಿವಳಿಕೆಯಾದರೋ ಬಹು ಹಳೆಯದು.

ಆ ತಿಳಿವಳಿಕೆಯು ಹೀಗಿದೆ. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು ಪಾಲು, ಶುಂಠಿ ಒಂದು ಪಾಲು, ಮೆಣಸು ಅರೆಪಾಲು. ಇವುಗಳಲ್ಲಿ ಬೀಜಗಳನ್ನೂ ಮೆಣಸನ್ನೂ ಘಮ್ಮೆನ್ನುವಷ್ಟು ಮಾತ್ರ ಹುರಿದು, ಒಣಶುಂಠಿಯೊಡನೆ ಕುಟ್ಟಿ ಇಡಬೇಕು. ಎರಡು ಲೋಟ ನೀರಿಗೆ ಈ ಪುಡಿ ಎರಡು ಚಮಚೆ, ನೆಲ್ಲಿಕಾಯಿ ಗಾತ್ರದ ಬೆಲ್ಲ ಹಾಕಿ, ಕಾಲುಭಾಗ ಇಂಗುವವರೆಗೆ ಕುದಿಸಿ, ಮರಳು ಕಸಗಳು ನಿಲ್ಲುವಂತೆ ಬಟ್ಟೆಯಲ್ಲಿ ಶೋಧಿಸಬೇಕು. ಹಾಲನ್ನು ಬೇರೆಯಾಗಿ ಕಾಯಿಸಿ, ಕಷಾಯವನ್ನು ಒಲೆಯಿಂದಿಳಿಸಿ ಕುದಿ ಅಡಗಿದ ಮೇಲೆಯೇ ಬೆರೆಸತಕ್ಕದ್ದು. ಬೆಲ್ಲದಲ್ಲಿ ಹುಳಿಯ ಅಂಶವೂ ಲವಣಗಳೂ ಇರುವುದರಿಂದ, ಹಾಲನ್ನೂ ಬೆಲ್ಲವನ್ನೂ ಕೂಡಿಸಿ ಕುದಿಸಿದರೆ ಹಾಲೊಡೆಯುವುದುಂಟು. ಅನೇಕರು ಬೆಲ್ಲವನ್ನು ಬಿಟ್ಟುದಕ್ಕೆ ಈ ಸಣ್ಣ ಮರ್ಮವನ್ನು ಅರಿಯದಿರುವುದೂ ಒಂದು ಕಾರಣ. ಆಲೆಮನೆಯಿಂದ ಬಂದ, ತುಸು ಕಪ್ಪಾದ ಹಳೆಯ ಬೆಲ್ಲವು ಕಷಾಯಕ್ಕೆ ಒಳ್ಳೆಯದು. ಅತಿ ಹಳದಿಯಾದ ಬೆಲ್ಲದಲ್ಲಿ ಬಣ್ಣ ಬರಿಸುವ ರಾಸಾಯನಿಕಗಳು ಸೇರಿರಬಹುದು.

ಬೆಲ್ಲವನ್ನು ಹೊಗಳುವ ಉತ್ಸಾಹದಲ್ಲಿ ಅದನ್ನು ಮಧುಮೇಹಿಗಳಿಗೂ ಪಥ್ಯವೆಂದು ಹೇಳುವವರುಂಟು, ಅದು ಸಲ್ಲದು. ಬೆಲ್ಲದ ಬಹುಭಾಗವೂ ಸಕ್ಕರೆಯ ಅಂಶವೇ. ಅಂಥವರಿಗೆ ಸಿಹಿಯಿಲ್ಲದ ಕಷಾಯವೇ ಲೇಸು. ಉಳಿದವರು ಮಿತವರಿತು ಬೆಲ್ಲವನ್ನು ಬಳಸಲಿ. ಅತಿಥಿಗಳಿಗೆ ಅದನ್ನು ಕೊಡುವಾಗ ಕ್ಷಮಾಪಣೆಯ ಮಾತನ್ನು ಮಾತ್ರ ಬಿಡಲಿ. ಮನೆಯ ಹಿರಿಯರು ಬಲ್ಲ ಈ ಪಾಕವನ್ನು ಕಿರಿಯರು ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಯುಕ್ತ.