ಎಳೆ, ರಾಳ, ಅಚ್ಚು: ಹೈದರಾಬಾದಿನ ಒಂದು ವೃತ್ತಾಂತ

1989ನೆಯ ಇಸವಿ ಮೇ 22ರಂದು ಒಡಿಶಾದ ಚಾಂದಿಪುರದಿಂದ 'ಅಗ್ನಿ' ಕ್ಷಿಪಣಿಯು ಮೊದಲ ಬಾರಿಗೆ ಹಾರಿದುದನ್ನು ಕುರಿತು ಬರೆದವರು ಅನೇಕರು. ಆ ಬರಹಗಳಲ್ಲಿ ಬೆಂಕಿಯ ವರ್ಣನೆಯೇ ಹೆಚ್ಚು. ವಾಯುಮಂಡಲಕ್ಕೆ ಮರಳಿ ಇಳಿಯುವಾಗ 2500 ಡಿಗ್ರಿಗೂ ಮಿಕ್ಕ ಕಾವನ್ನು ತಾಳಬೇಕಾದ ಅದರ ಮೂತಿಯು ಇಂಗಾಲದ ಎಳೆಗಳಿಂದಾದುದು ಎಂಬ ಸಂಗತಿ ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಹೈದರಾಬಾದಿನ ಕಾಂಚನಬಾಗಿನ ರಕ್ಷಣಾ ಪ್ರಯೋಗಶಾಲೆಯಲ್ಲಿ ಬೆಳೆದ ಈ ವಿದ್ಯೆಗೆ ಬೆಂಕಿಗಿಂತ ಹಿರಿಯ ವೈರಿಯೊಂದುಂಟು, ಅದು ಗಾಳಿ.

ಇಂಗಾಲದ ಎಳೆಯು ತಲೆಗೂದಲಿನ ಹತ್ತರಲ್ಲೊಂದು ಪಾಲಿನಷ್ಟು ತೆಳುವಾದುದು. ಪಾಲಿಅಕ್ರಿಲೊನೈಟ್ರೈಲ್ ಎಂಬ ನೂಲನ್ನು ಹದವಾಗಿ ಕಾಯಿಸಿ, ಬಳಿಕ ಗಾಳಿ ಸೋಕದಂತೆ ಸುಟ್ಟು ಪಡೆಯುವ ಕ್ರಮವನ್ನು 1961ರ ಸುಮಾರಿಗೆ ಜಪಾನಿನ ಅಕಿಯೊ ಶಿಂಡೊ ತೋರಿಸಿಕೊಟ್ಟನು. ಎಳೆಯ ಉದ್ದಕ್ಕೆ ಅದರ ಬಲ ಅಪಾರ, ಅಡ್ಡಕ್ಕೆ ಅತ್ಯಲ್ಪ. ಆದಕಾರಣ ಅಚ್ಚಿನಲ್ಲಿ ಬಟ್ಟೆಯನ್ನು ಹಾಸುವವನು ಒಂದು ಪದರವನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಮತ್ತೊಂದನ್ನು 45 ಡಿಗ್ರಿ ಓರೆಗೂ ಇಡುತ್ತಾನೆ. ಅಚ್ಚಿಗೆ ಮೊದಲೇ ಮೇಣ ಬಳಿದಿರಬೇಕು. ಇಲ್ಲವಾದರೆ ಎರಕವು ಬಿಟ್ಟುಬಾರದು. ಪದರಗಳ ಮೇಲೆ ಸುಲಿದು ತೆಗೆಯುವ ಬಟ್ಟೆ, ಅದರ ಮೇಲೆ ರಾಳ ಹರಿಯಲೊಂದು ಜಾಲರಿ, ಎಲ್ಲವನ್ನೂ ಮುಚ್ಚುವಂತೆ ಪ್ಲಾಸ್ಟಿಕ್ ಹೊದಿಕೆ. ಅಂಚುಗಳನ್ನು ಅಂಟುಪಟ್ಟಿಯಿಂದ ಬಿಗಿದು ಪಂಪಿನಿಂದ ಒಳಗಾಳಿಯನ್ನು ಸೆಳೆದರೆ, ಹೊರಗಿನ ವಾಯುಭಾರವೇ ಚದರ ಮೀಟರಿಗೆ ಸುಮಾರು 10 ಟನ್ನಿನಂತೆ ಪದರಗಳನ್ನು ಒತ್ತುತ್ತದೆ (ಹೈದರಾಬಾದಿನ ಎತ್ತರದಲ್ಲಿ ಕೊಂಚ ಕಡಮೆ). ಅನಂತರ ಕೊಳವೆಯನ್ನು ತೆರೆದರೆ ರಾಳವು ತಾನಾಗಿಯೇ ಒಳಕ್ಕೆ ಸೇರಿ ಬಟ್ಟೆಯನ್ನು ನೆನೆಸುತ್ತ ಸಾಗುತ್ತದೆ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ಸೋರಿಕೆಯಿದ್ದರೂ ಗುಳ್ಳೆಗಳು ಉಳಿಯುವುವು. ಶೇಕಡಾ 1ರಷ್ಟು ಗುಳ್ಳೆಗಳಿಂದ ಪದರಗಳ ನಡುವಣ ಹಿಡಿತವು ಸುಮಾರು ಶೇಕಡಾ 7ರಷ್ಟು ತಗ್ಗುತ್ತದೆಂಬುದು ಈ ಕಸಬಿನವರ ಲೆಕ್ಕ.

ರಾಳದ ಹರಿವಿನ ನಿಯಮವನ್ನು 1856ರಷ್ಟು ಹಿಂದೆಯೇ ಫ್ರಾನ್ಸಿನ ಹೆನ್ರಿ ಡಾರ್ಸಿ ಪ್ರಕಟಿಸಿದ್ದನು. ದಿಜೋನ್ ನಗರದ ನೀರಿನ ಏರ್ಪಾಟಿಗಾಗಿ, ಮರಳಿನಲ್ಲಿ ನೀರು ಇಳಿಯುವ ಬಗೆಯನ್ನು ಆತನು ಅಳೆದಿದ್ದನು. ಅದರಂತೆ ರಾಳ ಕ್ರಮಿಸಬೇಕಾದ ದೂರ ಇಮ್ಮಡಿಯಾದರೆ ಕಾಲವು ನಾಲ್ಮಡಿಯಾಗುತ್ತದೆ. ಅಷ್ಟರೊಳಗೆ ರಾಳ ಗಟ್ಟಿಕಟ್ಟಿತೋ, ಹಾಸಿದ ಶ್ರಮವೆಲ್ಲ ವ್ಯರ್ಥ.

ಅಗ್ನಿಯ ಮೂತಿಯ ವಸ್ತು ಇದಕ್ಕಿಂತ ಕಠಿನವಾದುದು. ಅಲ್ಲಿ ಎಳೆಗಳಿಗೆ ಊಡಿದ ರಾಳವನ್ನೇ ಸುಟ್ಟು ಇಂಗಾಲವಾಗಿಸಬೇಕು. ಸುಟ್ಟಾಗ ಆವಿ ಹೊರಟು ರಂಧ್ರಗಳಾಗುವುದರಿಂದ ಮತ್ತೆ ಊಡಬೇಕು, ಮತ್ತೆ ಸುಡಬೇಕು. ಹೀಗೆ ಹಲವು ಸಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಾದಿ ಬೇರೆ. ಅಧಿಕ ಒತ್ತಡದ ಆಟೋಕ್ಲೇವಿನ ವೆಚ್ಚವನ್ನು ತಗ್ಗಿಸಲು ಅಲ್ಲಿಯವರು 'ವೆರಿಟಿ' ಎಂಬ ನಿರ್ವಾತ ವಿಧಾನವನ್ನು ರೂಪಿಸಿ, 'ಸರಸ್' ವಿಮಾನದ ರೆಕ್ಕೆಗೆ ಪ್ರಯೋಗಿಸಿದರು.

ಎಳೆ ಮತ್ತು ಅಂಟುಗಳ ಈ ಸಂಬಂಧ ಕನ್ನಡಿಗರಿಗೆ ತೀರ ಹೊಸತಲ್ಲ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು, ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಿಸೆಬೀಜದ ಅಂಟಿನಲ್ಲಿ ಕಲಸಿ 'ಕಿಟ್ಟ'ವೆಂಬುದನ್ನು ಮಾಡುತ್ತಾರೆ. ಹಗುರವಾದ ಮರದ ಗೊಂಬೆಗೆ ಅದೇ ಅಂಟಿನಿಂದ ಹತ್ತಿಬಟ್ಟೆಯ ತುಂಡುಗಳನ್ನು ಹೊದಿಸುತ್ತಾರೆ. ಇದರಿಂದ ಪೂರ್ವಿಕರು ವಿಮಾನವಿದ್ಯೆಯನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಹಾಸ್ಯಾಸ್ಪದ. ಅಂಟು ರೂಪವನ್ನು ಹಿಡಿಯುತ್ತದೆ, ಎಳೆ ಬಿರುಕನ್ನು ತಡೆಯುತ್ತದೆ ಎಂಬ ಅನುಭವವಂತೂ ಆ ಕೈಗಳಿಗಿತ್ತು.

ಹೈದರಾಬಾದಿನ ವೃತ್ತಾಂತವನ್ನು ಕ್ಷಿಪಣಿಯಲ್ಲಿಯೇ ನಿಲ್ಲಿಸುವುದು ನ್ಯಾಯವಲ್ಲ. 1982ರಲ್ಲಿ ಆ ಪ್ರಯೋಗಶಾಲೆಯ ನಿರ್ದೇಶಕರಾದ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ತಮ್ಮ ಭಾಷಣಗಳಲ್ಲಿ ಪದೇ ಪದೇ ಹೇಳುತ್ತಿದ್ದ ಪ್ರಸಂಗವೊಂದಿದೆ. ನಗರದ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯ ಮೂಳೆವೈದ್ಯರೊಬ್ಬರು ಪ್ರಯೋಗಶಾಲೆಗೆ ಬಂದು, ಅಗ್ನಿಗಾಗಿ ಸಿದ್ಧವಾಗಿದ್ದ ವಸ್ತುವನ್ನು ಕೈಯಲ್ಲೆತ್ತಿ ಅದರ ಹಗುರಕ್ಕೆ ಬೆರಗಾದರು. ಕಲಾಂ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮಕ್ಕಳು 3 ಕಿಲೋಗ್ರಾಂಗೂ ಮಿಕ್ಕ ಲೋಹದ ಆಸರೆಗಳನ್ನು ಕಾಲಿಗೆ ಕಟ್ಟಿಕೊಂಡು ಹೆಜ್ಜೆಗಳನ್ನು ಎಳೆಯುತ್ತಿದ್ದರು. ಮೂರು ವಾರಗಳಲ್ಲಿ 300 ಗ್ರಾಂ ತೂಕದ ಆಸರೆಗಳು ಸಿದ್ಧವಾದವು. ಅವನ್ನು ತೊಟ್ಟ ಮಕ್ಕಳಿಗೆ ತಮ್ಮ ಕಣ್ಣುಗಳನ್ನೇ ನಂಬಲಾಗಲಿಲ್ಲವಂತೆ.