ಕೂಡಿ ಕಲಿತ ಲೆಕ್ಕ

ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಸುತ್ತಲಿನ ಊರುಗಳಲ್ಲೂ ಈಗ ಎಲ್ಲ ಕಡೆಯಂತೆ ಬಗೆಹರಿಯದ ಲೆಕ್ಕ ಮೊಬೈಲಿನ ಗುಂಪಿಗೆ ಹೋಗುತ್ತದೆ. ತಿಳಿದವರು ಬಿಡಿಸಿ ತೋರಿಸುತ್ತಾರೆ. ಇದು ಕೊರೊನಾ ಕಲಿಸಿದ ಹೊಸ ರೂಢಿ ಎನ್ನುವವರಿದ್ದಾರೆ. ಹೊಸದು ಮೊಬೈಲು ಮಾತ್ರ. ಕಲಿತವನು ಕಲಿಯುವವನಿಗೆ ಹೇಳಿಕೊಡುವುದು ನಮ್ಮ ಹಳೆಯ ಗಾಂವಠಿ (ಊರಿನ) ಶಾಲೆಗಳ ಬುನಾದಿಯೇ ಆಗಿತ್ತು. ನಮ್ಮ ಸುತ್ತಲಿನ ಜಮಖಂಡಿ, ಮುಧೋಳ ಇನ್ನೂ ಸಂಸ್ಥಾನಗಳಾಗಿದ್ದ ಕಾಲದಲ್ಲಿ, 1823ರಲ್ಲಿ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ 533 ಶಾಲೆಗಳ ವರದಿ ಬರೆದ. ಅವುಗಳಲ್ಲಿ 235 ಕನ್ನಡದವು. ವರದಿ ಹೇಳುವಂತೆ, ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಎಣಿಕೆಯ ಪಾಠ ಬಾಗಿಲಲ್ಲೇ ಶುರು! ಮರಳಿನ ಮೇಲೆ ಬೆರಳಾಡಿಸಿ ಬರೆಯುತ್ತಿದ್ದ ಮಕ್ಕಳು ಮಗ್ಗಿ ಬಾಯಿಪಾಠ ಮಾಡಿ ಹಣ, ತೂಕ, ಅಳತೆಗಳ ಲೆಕ್ಕದವರೆಗೆ ಹೋಗುತ್ತಿದ್ದರು. ಕಿರಿಯರನ್ನು ಒಂದಿಷ್ಟು ಹಿರಿಯ ಹುಡುಗರೇ ತಿದ್ದುತ್ತಿದ್ದರು. ಈ ಏರ್ಪಾಡನ್ನು ಇಂಗ್ಲೆಂಡು ಅನುಕರಿಸಿದ್ದು ತಕ್ಕದ್ದೇ ಎಂದು ಕ್ಯಾಂಪ್‌ಬೆಲ್ ಮೆಚ್ಚಿದ. ಆಂಡ್ರ್ಯೂ ಬೆಲ್ ಮದರಾಸಿನ ಅನಾಥಾಲಯದಲ್ಲಿ ನಡೆಸಿದ ಪ್ರಯೋಗವನ್ನು 1797ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಮೇಲೆ ಅದು ಅಲ್ಲಿ ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಗಿತ್ತು.

ಇದೆಲ್ಲ ಗಿಳಿಪಾಠ, ಚರ್ಚೆ ಎಲ್ಲಿತ್ತು ಎಂದು ಕೇಳಬಹುದು. ‘ಎರಡೊಂದ್ಲೆ ಎರಡು’ ಎಂದು ಕೂಗುವುದರಲ್ಲಿ ತರ್ಕವಿಲ್ಲ, ನಿಜ. ಅರ್ಥ ತಿಳಿಯದ ಬಾಯಿಪಾಠವನ್ನು ಕ್ಯಾಂಪ್‌ಬೆಲ್ಲನೂ ಹಳಿದ. ಆದರೆ ಆ ದೂರು ಆಡುಮಾತಿಗೆ ದೂರವಾದ ಪದ್ಯಗಳ ಓದಿನ ಮೇಲೆ. ರೂಪಾಯಿಗೆ ಹದಿನಾರು ಆಣೆಯಿದ್ದಾಗ ಕಾಲು, ಅರೆ, ಮುಕ್ಕಾಲು ಮಗ್ಗಿ ಬಾರದವನಿಗೆ ಸಂತೆಯಲ್ಲಿ ಮೋಸ ಕಟ್ಟಿಟ್ಟದ್ದು. ಅಲ್ಲದೆ ಇನ್ನೊಬ್ಬನಿಗೆ ಹೇಳಿಕೊಡಲು ಕೂತವನಿಗೆ ಬಾಯಿಪಾಠವೊಂದೇ ಸಾಲದು, ಎದುರಿನವನು ಎಲ್ಲಿ ಎಡವಿದ ಎಂದು ಹುಡುಕಲೇಬೇಕು. ಭಾಸ್ಕರಾಚಾರ್ಯನ ‘ಲೀಲಾವತಿ’ಯ ಲೆಕ್ಕಗಳು ಬಾಲೆಯನ್ನೋ ಗೆಳೆಯನನ್ನೋ ಕರೆದು ಕೇಳುವ ಧಾಟಿಯಲ್ಲಿರುವುದು ಸುಮ್ಮನೆ ಅಲ್ಲ.

ನಿಜವಾಗಿ ಚುಚ್ಚುವ ಆಕ್ಷೇಪ ಬೇರೆಯದು: ಕೂಡಿ ಕಲಿಯುವ ಆ ಶಾಲೆಗಳೊಳಗೆ ಇದ್ದವರು ಯಾರು? ಬಳ್ಳಾರಿಯ 6,641 ಮಕ್ಕಳಲ್ಲಿ ಹುಡುಗಿಯರು ಬರೀ 60. ಹಳೆಯ ಶಾಲೆಯನ್ನು ಹೊಗಳುವವರು ಈ ಅಂಕಿಯನ್ನು ನುಂಗಿಬಿಡುತ್ತಾರೆ. ಹಾಗೆಂದು ಮೊಬೈಲಿನ ಬಾಗಿಲೂ ಎಲ್ಲರಿಗೂ ತೆರೆದಿಲ್ಲ. ಕೊರೊನಾ ಕಾಲಕ್ಕೆ ರಾಜ್ಯ ಸರ್ಕಾರ ತಂದ 2020ರ ವಿದ್ಯಾಗಮ ಯೋಜನೆ ಮಕ್ಕಳನ್ನು ವಿಂಗಡಿಸಿದ್ದೇ ಮೊಬೈಲ್ ಇಲ್ಲದವರು, ಸಾದಾ ಮೊಬೈಲಿನವರು, ಸ್ಮಾರ್ಟ್‌ಫೋನಿನವರು ಎಂದು. ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂರಿಸಬೇಕಾದದ್ದೂ ಇದೇ ಕಾರಣಕ್ಕೆ. ಆದ್ದರಿಂದ ಮಾಸ್ತರರಲ್ಲಿ ಕೇಳುವುದಿಷ್ಟೇ: ಗುಂಪಿಗೆ ಉತ್ತರದ ಫೋಟೊ ಹಾಕಿ ಕೈತೊಳೆದುಕೊಳ್ಳಲು ಮಕ್ಕಳನ್ನು ಬಿಡಬೇಡಿ. ಪ್ರತಿ ಹೆಜ್ಜೆ ಯಾಕೆ ಎಂದು ಅವರ ಬಾಯಲ್ಲೇ ಹೇಳಿಸಿ, ಮೊಬೈಲ್ ಇಲ್ಲದ ಮಗುವಿಗೆ ಅದನ್ನೇ ಮರುದಿನ ಶಾಲೆಯಲ್ಲಿ ಹೇಳಿಕೊಡಲು ಹಚ್ಚಿ.