ಮಲಗುವ ಕೋಣೆಗೆ ಬಂದ ಸ್ಟುಡಿಯೊ

1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ‘ಪೋರ್ಟಾಸ್ಟುಡಿಯೊ 144’ ಎಂಬ ಯಂತ್ರವನ್ನು ಹೊರತಂದಿತು. ಅಲ್ಲಿಯವರೆಗೆ ಗಿಟಾರಿಗೊಂದು, ದನಿಗೊಂದು ಟ್ರ್ಯಾಕ್ ಬೇಕೆಂದರೆ ರೀಲ್ ಟೇಪಿನ ಯಂತ್ರವೂ ಅವನ್ನು ಬೆರೆಸುವ ಪ್ರತ್ಯೇಕ ಮಿಕ್ಸರೂ ಬೇಕಿದ್ದವು. ಇಲ್ಲವೇ ಗಂಟೆಗಿಷ್ಟು ಎಂದು ಬಾಡಿಗೆ ತೆತ್ತು ಸ್ಟುಡಿಯೊಗೆ ಹೋಗಬೇಕಿತ್ತು. ಟಿಯಾಕ್ ಟೇಪ್ ಯಂತ್ರವನ್ನೂ ಮಿಕ್ಸರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿತು. ಟೇಪ್ ಮಾತ್ರ ಅಂಗಡಿಯಲ್ಲಿ ಸಿಗುವ ಮಾಮೂಲಿ ಕ್ಯಾಸೆಟ್.

ಒಳಗಿನ ಉಪಾಯ ಸರಳ. ಕ್ಯಾಸೆಟ್ಟಿನ ಒಂದೊಂದು ಬದಿಗೆ ಎರಡೆರಡು ಟ್ರ್ಯಾಕ್. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸಿತು, ಟೇಪನ್ನು ಎರಡರಷ್ಟು ವೇಗದಲ್ಲಿ ಓಡಿಸಿತು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹದಿನೈದೇ ನಿಮಿಷ ಹಿಡಿಯುತ್ತಿತ್ತು, ಆದರೆ ಧ್ವನಿ ಹೆಚ್ಚು ಸ್ವಚ್ಛವಾಗಿರುತ್ತಿತ್ತು.

ಇದರ ತಾಕತ್ತನ್ನು ಲೋಕಕ್ಕೆ ತೋರಿಸಿದವರು ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಈ ಯಂತ್ರವನ್ನೂ ಎರಡು ಶೂರ್ ಎಸ್‌ಎಂ57 ಮೈಕುಗಳನ್ನೂ ಇಟ್ಟುಕೊಂಡು ಅವರು ಅಕೌಸ್ಟಿಕ್ ಗಿಟಾರ್ ನುಡಿಸುತ್ತ ಹಾಡಿದರು. ಉಳಿದ ಟ್ರ್ಯಾಕುಗಳಿಗೆ ಇನ್ನೊಂದು ಗಿಟಾರ್, ಇನ್ನೊಂದು ದನಿ. ನಾಲ್ಕನ್ನೂ ಬೆರೆಸಿ ಇಳಿಸಿಕೊಂಡದ್ದು ಹಳೆಯ ಪ್ಯಾನಸಾನಿಕ್ ಟೇಪ್ ರೆಕಾರ್ಡರಿಗೆ. ತಮ್ಮ ಬ್ಯಾಂಡಿನವರಿಗೆ ಹಾಡು ಕೇಳಿಸಲಿಕ್ಕೆಂದು ಮಾಡಿದ ಆ ಕ್ಯಾಸೆಟ್ ಡಬ್ಬಿಯೂ ಇಲ್ಲದೆ ಅವರ ಜೇಬಿನಲ್ಲೇ ಓಡಾಡಿತು. ಆಮೇಲೆ ಸ್ಟುಡಿಯೊದಲ್ಲಿ ಬ್ಯಾಂಡಿನ ಜೊತೆ ಅವೇ ಹಾಡುಗಳನ್ನು ಎಷ್ಟು ನುಡಿಸಿದರೂ ಕೋಣೆಯ ಆ ಒಂಟಿತನ ದಕ್ಕಲಿಲ್ಲ. ಕೊನೆಗೆ ಅದೇ ಕ್ಯಾಸೆಟ್ ಸೆಪ್ಟೆಂಬರಿನಲ್ಲಿ ‘ನೆಬ್ರಾಸ್ಕಾ’ ಆಲ್ಬಮ್ ಆಗಿ ಹೊರಬಂತು.

ಗಿಟಾರ್ ಕಲಿಸುವ ನನ್ನನ್ನು ಹೊಸ ವಿದ್ಯಾರ್ಥಿಗಳು ರೆಕಾರ್ಡಿಂಗಿಗೆ ಏನು ಕೊಳ್ಳಲಿ ಎಂದು ಕೇಳಿದಾಗಲೆಲ್ಲ ನಾನು ಈ ಚರಿತ್ರೆಯನ್ನೇ ಹೇಳುತ್ತೇನೆ. ಕ್ಯಾಸೆಟ್ ಪೆಟ್ಟಿಗೆಯ ಜಾಗಕ್ಕೆ ಈಗ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬಂದಿದೆ, ಮಿಕ್ಸರ್ ಕಂಪ್ಯೂಟರಿನೊಳಗೆ ಸೇರಿದೆ, ಆಡಾಸಿಟಿಯಂಥ ತಂತ್ರಾಂಶ ಬಿಟ್ಟಿ ಸಿಗುತ್ತದೆ. ಆದರೆ 1965ರಲ್ಲಿ ಬಂದ ಎಸ್‌ಎಂ57 ಇಂದಿಗೂ ತಯಾರಾಗುತ್ತಿದೆ. ಕಂಡೆನ್ಸರ್ ಮೈಕ್ ತಂತಿಯ ನವಿರನ್ನು ಚೆನ್ನಾಗಿ ಹಿಡಿಯುತ್ತದೆ, ನಿಜ. ಜೊತೆಗೆ ಫ್ಯಾನು, ರಸ್ತೆಯ ಹಾರ್ನು, ಪಕ್ಕದ ಮನೆಯ ಮಿಕ್ಸಿಯನ್ನೂ ಹಿಡಿಯುತ್ತದೆ. ನಮ್ಮ ಊರುಗಳ ಮನೆಗಳಲ್ಲಿ ಮೊದಲಿಗೆ ಎಸ್‌ಎಂ57ನಂಥ ಡೈನಮಿಕ್ ಮೈಕೇ ಲೇಸು.

ಮೈಕನ್ನು ಗಿಟಾರಿನ ತೂತಿಗೆ ನೇರ ಹಿಡಿದರೆ ಗುಂಯ್‌ಗುಡುತ್ತದೆ. ಒಂದು ಗೇಣು ದೂರದಿಂದ ಹನ್ನೆರಡನೇ ಫ್ರೆಟ್ಟಿನ ಕಡೆಗೆ ತಿರುಗಿಸಿ; ತಂತಿಯ ನಾದವೂ ಮರದ ನಾದವೂ ಹದವಾಗಿ ಬೆರೆಯುತ್ತವೆ. ಇದಕ್ಕೆ ಕಾಸು ಬೇಡ, ಕಿವಿ ಬೇಕು.

ಆದ್ದರಿಂದ ಎರಡು ಇನ್‌ಪುಟ್‌ನ ಇಂಟರ್‌ಫೇಸ್, ಒಂದು ಮೈಕ್, ಗಟ್ಟಿ ಸ್ಟ್ಯಾಂಡ್, ಕಿವಿ ಮುಚ್ಚುವ ಹೆಡ್‌ಫೋನ್ ಕೊಳ್ಳಿ, ಅಲ್ಲಿಗೆ ನಿಲ್ಲಿಸಿ. ಮಿಕ್ಕ ಹಣದಲ್ಲಿ ಹೊಸ ತಂತಿ ತನ್ನಿ, ಇವತ್ತೇ ಒಂದು ಹಾಡು ರೆಕಾರ್ಡ್ ಮಾಡಿ.